ಅವ್ವಾರೋ ಎತ್ರೋ? ಫ್ರೆಂಚ್ ಭೂತಕಾಲದಲ್ಲಿ ಸಹಾಯಕ ಪದ ಆರಿಸುವ ನಾಲ್ಕು ದಾರಿಗಳು

ಫ್ರೆಂಚ್ ಕಲಿಯೋಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ತರಗತಿಯಲ್ಲಿ "ಊಟ ಆಯ್ತಾ?" ಅಂತ ಕೇಳಿದರು. "ತಿಂದಿದ್ದೇನೆ" ಅನ್ನಬೇಕಿತ್ತು. ನಾನು ಧೈರ್ಯವಾಗಿ "ಝ ಸ್ವಿ ಮಾಂಝೆ" ಅಂದೆ. ಮೇಡಂ ಕನ್ನಡಕದ ಮೇಲಿಂದ ನೋಡಿ, "ಯಾರು ತಿಂದರು ನಿಮ್ಮನ್ನ? ಹುಲಿನಾ?" ಅಂದರು. ನಾನು ಹೇಳಿದ್ದರ ಅರ್ಥ 'ನನ್ನನ್ನು ತಿನ್ನಲಾಗಿದೆ' ಅಂತ. ಸರಿಯಾದದ್ದು "ಝೆ ಮಾಂಝೆ".

ಪಾಠ ಕಲಿತೆ ಅಂದುಕೊಂಡೆ. ಮುಂದಿನ ವಾರ 'ಹೋದೆ' ಅನ್ನೋಕೆ "ಝೆ ಅಲೆ" ಅಂದೆ. ಅದೂ ತಪ್ಪು. ಅಲ್ಲಿ "ಝ ಸ್ವಿ ಅಲೆ" ಆಗಬೇಕು.

ಈ ಎರಡು ತಪ್ಪಿಗೂ ಕಾರಣ ಒಂದೊಂದು ಭಾಷೆ. ಮೊದಲನೆಯದು ಕನ್ನಡದ್ದು. 'ತಿಂದಿದ್ದೇನೆ' ಬಿಡಿಸಿ ನೋಡಿ: ತಿಂದು, ಇದ್ದೇನೆ. 'ಹೋಗಿದ್ದೇನೆ' ಅಂದರೆ ಹೋಗಿ, ಇದ್ದೇನೆ. ನಮ್ಮಲ್ಲಿ ಎಲ್ಲದಕ್ಕೂ 'ಇರು' ಒಂದೇ ಸಾಕು. 'ಹ್ಯಾವ್' ಅನ್ನೋ ಅರ್ಥದ ಕ್ರಿಯಾಪದವೇ ನಮಗಿಲ್ಲ. ದುಡ್ಡೂ 'ನನ್ನ ಹತ್ತಿರ ಇದೆ', ಮಕ್ಕಳೂ 'ನನಗೆ ಇದ್ದಾರೆ'. ಎರಡನೆಯ ತಪ್ಪು ಇಂಗ್ಲಿಷಿನದ್ದು. ಅಲ್ಲಿ ಎಲ್ಲದಕ್ಕೂ 'ಹ್ಯಾವ್'. ಫ್ರೆಂಚ್ ಮಾತ್ರ ಎರಡನ್ನೂ ಇಟ್ಟುಕೊಂಡಿದೆ. 'ಹ್ಯಾವ್' ಜಾಗದಲ್ಲಿ ಅವ್ವಾರ್, 'ಇರು' ಜಾಗದಲ್ಲಿ ಎತ್ರ್. ಯಾವಾಗ ಯಾವುದು ಅನ್ನೋದೇ ಕಲಿಯುವವರ ತಲೆನೋವು.

ಇದು ಫ್ರೆಂಚರ ತಿಕ್ಕಲು ಅಂದುಕೊಳ್ಳಬೇಡಿ. ಇಟಾಲಿಯನ್, ಜರ್ಮನ್‌ನಲ್ಲೂ ಹೀಗೇ ಎರಡು ಪಾಲು. ಇಂಗ್ಲಿಷಿನಲ್ಲೂ ಹಿಂದೆ ಇತ್ತು. 1611ರ ಬೈಬಲ್ ಅನುವಾದದಲ್ಲಿ 'ಐ ಆಮ್ ಕಮ್' ಅಂತಲೇ ಇದೆ.

ಒಂದು ಮಾತು. ಫ್ರೆಂಚ್ ಉಚ್ಚಾರಣೆಯನ್ನು ಕನ್ನಡ ಅಕ್ಷರದಲ್ಲಿ ಪೂರ್ತಿ ಹಿಡಿಯೋಕೆ ಆಗಲ್ಲ. ಇಲ್ಲಿ 'ಝ' ಅಂದರೆ 'ಪ್ಲೆಷರ್' ಪದದ ನಡುವೆ ಬರುವ ಸದ್ದು. 'ಜ಼' ಅಂದರೆ 'ಜ಼ೂ' ಪದದ್ದು. 'ಆಂ, ಓಂ, ಎಂ' ಎಲ್ಲ ಮೂಗಿನಲ್ಲಿ.

ಮೊದಲು ಸುಲಭದ ಭಾಗ

ಈ ಭೂತಕಾಲಕ್ಕೆ ಫ್ರೆಂಚಿನಲ್ಲಿ ಪಾಸೆ ಕೋಂಪೊಜ಼ೆ ಅಂತಾರೆ. ಎರಡು ತುಂಡು ಸೇರಿಸಿದ ಭೂತಕಾಲ. ಮೊದಲ ತುಂಡು ಸಹಾಯಕ ಪದ, ವರ್ತಮಾನ ರೂಪದಲ್ಲಿ. ಎರಡನೆಯದು ಮುಖ್ಯ ಕ್ರಿಯಾಪದದ ಭೂತರೂಪ.

ನಿಯಮಕ್ಕೆ ಒಳಪಟ್ಟ ಕ್ರಿಯಾಪದಗಳಲ್ಲಿ ಎರಡನೆಯ ತುಂಡಿಗೆ ಕಷ್ಟವೇ ಇಲ್ಲ. 'ಇ-ಆರ್' ಅಕ್ಷರಗಳಲ್ಲಿ ಮುಗಿಯೋ ಪದವಾದರೆ 'ಆರ್' ಬೀಳುತ್ತೆ, 'ಇ' ತಲೆ ಮೇಲೆ ಒಂದು ಓರೆ ಗೆರೆ ಬರುತ್ತೆ. ಸದ್ದು ಬದಲಾಗೋದೇ ಇಲ್ಲ. 'ಮಾತಾಡು' ಅನ್ನೋದಕ್ಕೆ ಪಾರ್ಲೆ, 'ಮಾತಾಡಿದ' ಅನ್ನೋದಕ್ಕೂ ಪಾರ್ಲೆ. ಬಿಸ್ಕೆಟ್ ಹೆಸರು ನೆನಪಿದ್ದರೆ ಸಾಕು. 'ಐ-ಆರ್' ಪದಗಳಲ್ಲಿ ಬರೀ 'ಆರ್' ಬೀಳುತ್ತೆ: ಫಿನಿರ್ ಹೋಗಿ ಫಿನಿ, ಅಂದರೆ ಮುಗಿಸಿದ. 'ಆರ್-ಇ' ಪದಗಳಲ್ಲಿ ಅದರ ಜಾಗಕ್ಕೆ 'ಯು' ಬರುತ್ತೆ: ವಾಂದ್ರ್ ಹೋಗಿ ವಾಂದ್ಯು, ಮಾರಿದ.

ಮೊದಲ ತುಂಡು ಬಾಯಿಪಾಠ ಆಗಲೇಬೇಕು. ಅವ್ವಾರ್ ಹೀಗೆ: ಝೆ, ತ್ಯು ಆ, ಇಲ್ ಆ, ನುಜ಼ಾವೋಂ, ವುಜ಼ಾವೆ, ಇಲ್‌ಜ಼ೋಂ. ಎತ್ರ್ ಹೀಗೆ: ಝ ಸ್ವಿ, ತ್ಯು ಎ, ಇಲ್ ಎ, ನು ಸೊಮ್, ವುಜ಼ೆತ್, ಇಲ್ ಸೋಂ. ನಾನು, ನೀನು, ಅವನು, ನಾವು, ನೀವು, ಅವರು ಅನ್ನೋ ಕ್ರಮದಲ್ಲಿ.

ಎರಡೂ ಸಾಲಿನ ಕೊನೆಯದನ್ನು ಇನ್ನೊಮ್ಮೆ ಹೇಳಿ ನೋಡಿ. ಇಲ್‌ಜ಼ೋಂ, ಇಲ್ ಸೋಂ. 'ಜ಼' ಮತ್ತು 'ಸ' ಮಾತ್ರ ವ್ಯತ್ಯಾಸ. ನಾವು 'ಜ಼ೀರೋ' ಪದವನ್ನು 'ಜೀರೋ' ಅಂದು ಬೆಳೆದವರು, ಹಾಗಾಗಿ ಇಲ್ಲಿ ಎಡವೋದು ಸಹಜ. ಎಡವಿದರೆ ಸಹಾಯಕ ಪದವೇ ಬದಲಾಗುತ್ತೆ. ಇನ್ನೊಂದು ಕಡೆ ಜಾಸ್ತಿ ಜನ ಬೀಳೋದು 'ಝ' ಮತ್ತು 'ಝೆ' ನಡುವೆ. 'ಝೆ ಪಾರ್ಲೆ' ಅಂದರೆ ಮಾತಾಡಿದೆ. 'ಝ ಪಾರ್ಲೆ' ಅಂದರೆ ಏನೂ ಅಲ್ಲ, ಸಹಾಯಕ ಪದವನ್ನೇ ನುಂಗಿದ ಹಾಗೆ.

ಇನ್ನೊಂದು ನೆಮ್ಮದಿಯ ವಿಷಯ. 'ಮಾತಾಡಿದೆ' ಮತ್ತು 'ಮಾತಾಡಿದ್ದೇನೆ' ಎರಡಕ್ಕೂ ದಿನಬಳಕೆಯ ಫ್ರೆಂಚಿನಲ್ಲಿ ಇದೊಂದೇ ರೂಪ ಸಾಕು. ಅಲ್ಲಿ ಆಯ್ಕೆಯ ಗೊಂದಲ ಇಲ್ಲ.

ಆರಿಸೋದು ಹೇಗೆ

ಬಹುಪಾಲು ಕ್ರಿಯಾಪದಗಳಿಗೆ ಅವ್ವಾರ್. ಗೊತ್ತಿಲ್ಲದ ಪದ ಬಂದರೆ ಅವ್ವಾರ್ ಹಾಕಿ, ಸರಿಯಾಗೋ ಸಂಭವವೇ ಹೆಚ್ಚು. ಕನ್ನಡದ ಕಿವಿಗೆ ವಿಚಿತ್ರ ಅನ್ನಿಸೋ ವಿಷಯ ಅಂದರೆ, 'ಇರು' ಅನ್ನೋ ಎತ್ರ್ ಕೂಡ ತನ್ನ ಭೂತಕಾಲಕ್ಕೆ ಅವ್ವಾರ್ ಹತ್ತಿರವೇ ಸಾಲ ಕೇಳುತ್ತೆ. 'ಝೆ ಎತೆ', ನಾನು ಇದ್ದೆ.

ಹಾಗಾಗಿ ಪ್ರಶ್ನೆ ಇರೋದು ಎತ್ರ್ ಬೇಡೋ ಸಣ್ಣ ಗುಂಪಿನದ್ದು. ಅದನ್ನು ಗುರುತಿಸೋಕೆ ನಾಲ್ಕು ದಾರಿ ನೋಡಿದ್ದೇನೆ. ಮೂರು ಎಲ್ಲರೂ ಕಲಿಸೋದು. ನಾಲ್ಕನೆಯದು ಕನ್ನಡ ಬಲ್ಲವರಿಗೆ ಮಾತ್ರ ಸಿಗೋದು.

ಮೊದಲನೆಯದು ಪಟ್ಟಿ. ಇಂಗ್ಲಿಷ್ ಪುಸ್ತಕಗಳಲ್ಲಿ 'ಡಾಕ್ಟರ್ ಮಿಸೆಸ್ ವಾಂಡರ್‌ಟ್ರಾಂಪ್' ಅನ್ನೋ ಒಬ್ಬ ಹೆಂಗಸು ಬರುತ್ತಾರೆ. ಅವರ ಹೆಸರಿನ ಒಂದೊಂದು ಅಕ್ಷರ ಒಂದೊಂದು ಕ್ರಿಯಾಪದದ ಮೊದಲ ಅಕ್ಷರ. ಖಾಲಿ ಜಾಗ ತುಂಬಿ ಅನ್ನೋ ಪ್ರಶ್ನೆಗೆ ಇದು ಒಳ್ಳೆಯದು. ಉತ್ತರ ಪತ್ರಿಕೆಯ ಮೂಲೆಯಲ್ಲಿ ಹೆಸರು ಗೀಚಿಕೊಂಡು ಟಿಕ್ ಹಾಕುತ್ತಾ ಹೋಗಬಹುದು. ಆದರೆ ಆ ಹೆಸರಲ್ಲಿ ನಾಲ್ಕು 'ಆರ್' ಇವೆ. ಯಾವ 'ಆರ್' ಯಾವ ಪದದ್ದು ಅಂತ ನೆನಪಿಸಿಕೊಳ್ಳೋ ಹೊತ್ತಿಗೆ ಎದುರಿದ್ದವರು ಮಾತು ಮುಗಿಸಿ ಎದ್ದು ಹೋಗಿರುತ್ತಾರೆ. ಪಟ್ಟಿಯ ಉದ್ದವೂ ಪುಸ್ತಕದಿಂದ ಪುಸ್ತಕಕ್ಕೆ ಬೇರೆ. ಕೆಲವರು 14 ಅಂತಾರೆ, ಕೆಲವರು 17. 'ಮತ್ತೆ ಬರು' ಥರದ ಮರಿ ಪದಗಳನ್ನು ಲೆಕ್ಕ ಹಿಡಿದರೋ ಇಲ್ಲವೋ ಅನ್ನೋದರ ಮೇಲೆ ಅದು.

ಎರಡನೆಯದು ಮನೆಯ ಚಿತ್ರ. ಫ್ರೆಂಚ್ ಮೇಷ್ಟ್ರುಗಳಿಗೆ ಇದು ಬಲು ಇಷ್ಟ. 'ಲಾ ಮೆಜ಼ೋಂ ದೆತ್ರ್', ಎತ್ರ್‌ನ ಮನೆ. ಒಂದು ಮನೆ ಬರೆಯಿರಿ. ಒಬ್ಬ ಬರುತ್ತಾನೆ, ಅರಿವೆ. ಬಾಗಿಲಿಂದ ಒಳಗೆ ಹೋಗುತ್ತಾನೆ, ಆಂತ್ರೆ. ಮೆಟ್ಟಿಲು ಹತ್ತುತ್ತಾನೆ, ಮೋಂತೆ. ಮೇಲೆ ಸ್ವಲ್ಪ ಹೊತ್ತು ಇರುತ್ತಾನೆ, ರೆಸ್ತೆ. ಇಳಿಯುತ್ತಾನೆ, ದೆಸಾಂದ್ರ್. ಅಥವಾ ಕಿಟಕಿಯಿಂದ ಬೀಳುತ್ತಾನೆ, ತೋಂಬೆ. ಹೊರಗೆ ಬರುತ್ತಾನೆ, ಸೊರ್ತಿರ್. ಹೊರಟು ಹೋಗುತ್ತಾನೆ, ಪಾರ್ತಿರ್. ಒಂದು ಕೋಣೆಯಲ್ಲಿ ಮಗು ಹುಟ್ಟುತ್ತೆ, ನೆತ್ರ್. ಇನ್ನೊಂದರಲ್ಲಿ ಅಜ್ಜ ಸಾಯುತ್ತಾನೆ, ಮುರಿರ್. ಹೋಗು ಅನ್ನೋ ಅಲೆ, ಬರು ಅನ್ನೋ ವ್ನಿರ್ ಅಂಗಳದಲ್ಲಿ.

ನನಗೆ ಪಟ್ಟಿಗಿಂತ ಇದು ಎಷ್ಟೋ ವಾಸಿ ಅನ್ನಿಸಿತು. ಪದಗಳು ಜೋಡಿಜೋಡಿಯಾಗಿ ಬರುತ್ತವೆ. ಹತ್ತು ಅಂದರೆ ಇಳಿ, ಬರು ಅಂದರೆ ಹೋಗು. ಬೇರೆಯವರ ಮನೆ ಬೇಡ, ನಿಮ್ಮ ಮನೆಯನ್ನೇ ಬರೆಯಿರಿ. ನಾನು ಬರೆದದ್ದು ನಮ್ಮ ಅಜ್ಜಿ ಮನೆ. ಅಟ್ಟಕ್ಕೆ ಮರದ ಏಣಿ ಇತ್ತು. ಅಲ್ಲಿಂದ ಬಿದ್ದದ್ದು ನಾನೇ. ಹಾಗಾಗಿ ತೋಂಬೆ ಮರೆತೇ ಇಲ್ಲ. ಕನ್ನಡದ ಕಿವಿಗೆ ಅರಿವೆ ಅಂದರೆ ಬಟ್ಟೆ, ರೆಸ್ತೆ ಅಂದರೆ ಹೆಚ್ಚುಕಮ್ಮಿ ರಸ್ತೆ. ಸುಮ್ನೆ ತಮಾಷೆ ಅನ್ನಿಸಬಹುದು, ಆದರೆ ನೆನಪಿಗೆ ಇಂಥದ್ದೇ ಅಂಟೋದು.

ಮೂರನೆಯದು ಅರ್ಥದ ಸೂತ್ರ. 'ಜಾಗ ಬದಲಾದರೆ, ಇಲ್ಲವೇ ಸ್ಥಿತಿ ಬದಲಾದರೆ ಎತ್ರ್'. ಕೇಳೋಕೆ ಚೆನ್ನಾಗಿದೆ. ನಂಬಿದರೆ ಕೈ ಕೊಡುತ್ತೆ. ನಡೆದೆ, ಓಡಿದೆ, ಈಜಿದೆ, ಪ್ರಯಾಣ ಮಾಡಿದೆ. ಇದರಲ್ಲೆಲ್ಲ ಜಾಗ ಬದಲಾಗಲ್ವಾ? ಆದರೂ ಎಲ್ಲಕ್ಕೂ ಅವ್ವಾರ್. ಯಾಕೆಂದರೆ ಇವು ಹೇಗೆ ಚಲಿಸಿದೆ ಅಂತ ಹೇಳುತ್ತವೆ, ಎಲ್ಲಿಗೆ ಮುಟ್ಟಿದೆ ಅಂತ ಅಲ್ಲ. ಇಷ್ಟಕ್ಕೆ ಒಪ್ಪಬಹುದು. 'ಬೆಳೆದೆ' ಅನ್ನೋದಕ್ಕೆ ಏನು ಹೇಳ್ತೀರಿ? ಸ್ಥಿತಿ ಬದಲಾಯಿತು, ಆದರೂ 'ಝೆ ಗ್ರಾಂದಿ', ಅವ್ವಾರ್. ಇನ್ನು ರೆಸ್ತೆ ಅಂದರೆ ಅಲ್ಲಾಡದೆ ಅಲ್ಲೇ ಇರು ಅಂತ. ಅದಕ್ಕೆ ಎತ್ರ್! ಈ ಸೂತ್ರವನ್ನು ಕಲಿತಾದ ಮೇಲೆ ಸಮಾಧಾನಕ್ಕೆ ಓದಿಕೊಳ್ಳಿ. ಆರಿಸೋಕೆ ಬಳಸಬೇಡಿ.

ಕನ್ನಡದ ದಾರಿ: 'ಇಸು' ಮತ್ತು 'ಕೊಳ್ಳು'

ಎತ್ರ್ ಬೇಡೋ ಗುಂಪಿನ ಆರು ಪದಗಳು ಎರಡೂ ಕಡೆ ಆಡುತ್ತವೆ. ಹತ್ತು, ಇಳಿ, ಹೊರಗೆ ಬರು, ಹಾದುಹೋಗು, ಮನೆಗೆ ವಾಪಸ್ ಬರು, ಹಿಂತಿರುಗು. ಮೋಂತೆ, ದೆಸಾಂದ್ರ್, ಸೊರ್ತಿರ್, ಪಾಸೆ, ರಾಂತ್ರೆ, ರತುರ್ನೆ. ಇವುಗಳಿಗೆ ಒಮ್ಮೆ ಎತ್ರ್, ಒಮ್ಮೆ ಅವ್ವಾರ್. ಎಲ್ಲರೂ ಒದ್ದಾಡೋದು ಇಲ್ಲೇ. ಇಂಗ್ಲಿಷ್ ಮೂಲಕ ಕಲಿತವರು 'ಟ್ರಾನ್ಸಿಟಿವ್, ಇನ್‌ಟ್ರಾನ್ಸಿಟಿವ್' ಅಂತ ಗೊಣಗುತ್ತಾ ಲೆಕ್ಕ ಹಾಕಬೇಕು. ನಮ್ಮ ಬಾಯಲ್ಲಿ ಆ ಲೆಕ್ಕ ಆಗಲೇ ಆಗಿರುತ್ತೆ.

ನಾನು ಇಳಿದೆ: ಝ ಸ್ವಿ ದೆಸಾಂದ್ಯು. ಪೆಟ್ಟಿಗೆ ಇಳಿಸಿದೆ: ಝೆ ದೆಸಾಂದ್ಯು ಲಾ ವಾಲೀಜ಼್. ಇಳಿ, ಇಳಿಸು. ಏರಿದೆ, ಏರಿಸಿದೆ. ಊರಿಗೆ ಹಿಂತಿರುಗಿದೆ ಅಂದರೆ ಎತ್ರ್, ಕಾವಲಿ ಮೇಲಿನದನ್ನು ತಿರುಗಿಸಿ ಹಾಕಿದೆ ಅಂದರೆ ಅವ್ವಾರ್. ಫ್ರಾನ್ಸಿನಲ್ಲಿ ದೋಸೆಯ ಅಣ್ಣತಮ್ಮನ ಹಾಗಿರೋ ಕ್ರೆಪ್ ಮಗುಚಿ ಹಾಕಿದರೆ 'ಝೆ ರತುರ್ನೆ ಲಾ ಕ್ರೆಪ್'. ಕನ್ನಡದಲ್ಲಿ 'ಇಸು' ಬಂತು ಅಂದರೆ ಅಲ್ಲಿ ಅವ್ವಾರ್. ಇಷ್ಟು ಹೊಂದಿಕೊಳ್ಳೋ ಸುಳಿವು ಯಾವ ಫ್ರೆಂಚ್ ಪುಸ್ತಕವೂ ನನಗೆ ಕೊಟ್ಟಿರಲಿಲ್ಲ.

ಎರಡನೆಯ ಸುಳಿವು 'ಕೊಳ್ಳು'. ತನಗೆ ತಾನೇ ಮಾಡಿಕೊಳ್ಳೋ ಕೆಲಸಕ್ಕೆ ಫ್ರೆಂಚಿನಲ್ಲಿ 'ಮ, ತ, ಸ' ಅನ್ನೋ ಸಣ್ಣ ಪದ ಸೇರುತ್ತೆ. ಸೇರಿದ ಕೂಡಲೇ ಸಹಾಯಕ ಪದ ಎತ್ರ್, ಎಂಥ ಕ್ರಿಯಾಪದವೇ ಆಗಿರಲಿ. ಕಾರು ತೊಳೆದೆ: ಝೆ ಲಾವೆ ಲಾ ವ್ವಾತ್ಯುರ್. ಮೈ ತೊಳೆದುಕೊಂಡೆ: ಝ ಮ ಸ್ವಿ ಲಾವೆ. ತೊಳೆದೆ, ತೊಳೆದುಕೊಂಡೆ. ಅದೇ ಕ್ರಿಯಾಪದ, 'ಕೊಳ್ಳು' ಬಂದದ್ದಕ್ಕೆ ಸಹಾಯಕ ಬದಲಾಯಿತು.

ಹಾಗಂತ ಕಣ್ಣು ಮುಚ್ಚಿ ನಂಬಬೇಡಿ. ಮೂರು ಕಡೆ ಇದು ಕಾಲೆಳೆಯುತ್ತೆ.

'ಮೆಟ್ಟಿಲು ಇಳಿದೆ' ಅನ್ನೋವಾಗ ಕನ್ನಡದಲ್ಲಿ 'ಇಸು' ಇಲ್ಲ. ಆದರೂ ಫ್ರೆಂಚಿನಲ್ಲಿ ಅವ್ವಾರ್: ಝೆ ದೆಸಾಂದ್ಯು ಲೆಸ್ಕಾಲಿಯೆ. ಕ್ರಿಯಾಪದ ಆದ ಕೂಡಲೇ ನೇರವಾಗಿ ಒಂದು ವಸ್ತು ಬಂದುಬಿಟ್ಟಿದೆ ಅಲ್ವಾ, ಅದಕ್ಕೆ. 'ಏನನ್ನು ಇಳಿದೆ? ಮೆಟ್ಟಿಲನ್ನು' ಅಂತ ಕೇಳಿಕೊಂಡರೆ ಇದು ಸಿಗುತ್ತೆ.

ಆದರೆ ಅದೇ 'ಅನ್ನು' ಪ್ರಶ್ನೆ ಬಸ್ಸಿನಲ್ಲಿ ಮೋಸ ಮಾಡುತ್ತೆ. ನಾವು 'ಬಸ್ಸನ್ನು ಹತ್ತಿದೆ' ಅಂತೀವಿ. ಫ್ರೆಂಚರು 'ಬಸ್ಸಿನೊಳಗೆ ಹತ್ತಿದೆ' ಅಂತಾರೆ, ನಡುವೆ 'ದಾಂ' ಅನ್ನೋ ಪದ ಬರುತ್ತೆ. ಆ ಪದ ಅಡ್ಡ ನಿಂತರೆ ಎತ್ರ್: ಝ ಸ್ವಿ ಮೋಂತೆ ದಾಂ ಲ ಬ್ಯುಸ್. ಕೊನೆಗೆ ತೀರ್ಪು ಫ್ರೆಂಚ್ ವಾಕ್ಯದ್ದೇ, ಕನ್ನಡದ್ದಲ್ಲ.

ಇನ್ನು 'ಕೊಳ್ಳು'. 'ತಗೊಂಡೆ' ಅನ್ನೋದರಲ್ಲಿ ಅದು ಇದೆ, ಫ್ರೆಂಚಿನಲ್ಲಿ ಮಾತ್ರ 'ಝೆ ಪ್ರಿ', ಸಾದಾ ಅವ್ವಾರ್. 'ಎದ್ದೆ' ಅನ್ನೋದರಲ್ಲಿ ಇಲ್ಲ, ಫ್ರೆಂಚಿನಲ್ಲಿ 'ಝ ಮ ಸ್ವಿ ಲವೆ'. ಅವರ ಪ್ರಕಾರ ಹಾಸಿಗೆಯಿಂದ ಏಳೋದು ಅಂದರೆ ತನ್ನನ್ನು ತಾನೇ ಎತ್ತಿಕೊಳ್ಳೋದು. ಸೋಮವಾರ ಬೆಳಗ್ಗೆ ನನಗೂ ಹಾಗೇ ಅನ್ನಿಸುತ್ತೆ.

ಪಾಸೆ ಪದದ ಬಗ್ಗೆ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. 'ಝೆ ಪಾಸೆ ಲೆಗ್ಜ಼ಾಮೆಂ' ಅಂದರೆ ಪರೀಕ್ಷೆ ಬರೆದೆ ಅಂತ ಅಷ್ಟೇ. ಪಾಸಾದೆ ಅಂತ ಅಲ್ಲ. ಪಾಸಾದದ್ದಕ್ಕೆ 'ಝೆ ರೆಯುಸಿ' ಅನ್ನಬೇಕು. ಫಲಿತಾಂಶದ ದಿನ ಮನೆಯವರಿಗೆ ಸಿಹಿ ಹಂಚೋ ಮೊದಲು ಇದನ್ನು ನೋಡಿಕೊಳ್ಳಿ.

ಯಾರಿಗೆ ಯಾವುದು

ಪಿಯುಸಿಯಲ್ಲಿ ಫ್ರೆಂಚ್ ಭಾಷೆ ತಗೊಂಡವರಿಗೆ ಪಟ್ಟಿ ಸಾಕು. ಬರೆಯೋಕೆ, ಅಳಿಸೋಕೆ, ಯೋಚಿಸೋಕೆ ಸಮಯ ಇರುತ್ತೆ. ಅದರ ಮೇಲೆ 'ಇಸು' ಸುಳಿವು ಸೇರಿಸಿಕೊಂಡರೆ ಆ ಆರು ಪದಗಳಲ್ಲಿ ಅಂಕ ಹೋಗಲ್ಲ.

ಕೆನಡಾಕ್ಕೆ ಹೊರಟವರ ಕಥೆ ಬೇರೆ. ಅಲ್ಲಿನ ಎಕ್ಸ್‌ಪ್ರೆಸ್ ಎಂಟ್ರಿ ಅನ್ನೋ ವಲಸೆ ಆಯ್ಕೆ ವ್ಯವಸ್ಥೆಯಲ್ಲಿ 2023ರಿಂದ ಫ್ರೆಂಚ್ ಬಲ್ಲವರಿಗೆ ಪ್ರತ್ಯೇಕ ಆಯ್ಕೆ ಸುತ್ತುಗಳು ನಡೆಯುತ್ತಿವೆ. ಅದಕ್ಕೆ ಬರೆಯೋ ಟೆಫ್, ಟಿಸಿಎಫ್ ಅನ್ನೋ ಫ್ರೆಂಚ್ ಪರೀಕ್ಷೆಗಳಲ್ಲಿ ಮಾತಾಡೋ ಭಾಗವೂ ಇದೆ. 'ನಿನ್ನೆ ಏನು ಮಾಡಿದಿರಿ' ಅಂತ ಕೇಳಿದಾಗ ಮಿಸೆಸ್ ವಾಂಡರ್‌ಟ್ರಾಂಪ್ ಸಹಾಯಕ್ಕೆ ಬರಲ್ಲ. ಇವರು ಮನೆಯ ಚಿತ್ರ ಹಿಡಿದುಕೊಳ್ಳಲಿ. ಪದಗಳನ್ನು ಬಿಡಿಯಾಗಿ ಕಲಿಯೋದು ಬೇಡ. ಸಹಾಯಕ ಪದದ ಜೊತೆಗೇ ಬಾಯಿಗೆ ಹತ್ತಿಸಲಿ. 'ಅಲೆ' ಅಂತಲ್ಲ, 'ಸ್ವಿ ಅಲೆ'. 'ತೋಂಬೆ' ಅಂತಲ್ಲ, 'ಸ್ವಿ ತೋಂಬೆ'.

ಕೆನಡಾದ ಫ್ರೆಂಚ್ ಪ್ರಾಂತ್ಯ ಕ್ವಿಬೆಕ್‌ನಲ್ಲಿ ಆಗಲೇ ನೆಲೆಸಿದವರಿಗೆ ಇನ್ನೊಂದು ಗೊಂದಲ ಕಾದಿರುತ್ತೆ. ಅಲ್ಲಿ ಆಡುಮಾತಿನಲ್ಲಿ 'ಝೆ ತೋಂಬೆ' ಅಂತ ಅವ್ವಾರ್ ಹಾಕಿ ಹೇಳೋವರು ಸಿಗುತ್ತಾರೆ. ಅವರದ್ದು ಅವರ ಊರಿನ ಮಾತು, ತಪ್ಪು ಹುಡುಕೋಕೆ ನಾವ್ಯಾರು. ಆದರೆ ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಎತ್ರ್ ಬರೆಯಿರಿ.

ಆರಿಸಿದ ಮೇಲೆ ಬಾಲದ ಕೆಲಸ

ಎತ್ರ್ ಆರಿಸಿದರೆ ಭೂತರೂಪದ ಕೊನೆಗೆ ಬಾಲ ಸೇರಿಸಬೇಕು. ಹೋದವಳು ಹೆಂಗಸಾದರೆ ಇನ್ನೊಂದು 'ಇ', ಹೋದವರು ಹಲವರಾದರೆ 'ಎಸ್', ಹಲವು ಹೆಂಗಸರಾದರೆ ಎರಡೂ. ಹೋದನು, ಹೋದಳು, ಹೋದರು ಅಂತ ದಿನವಿಡೀ ಹೇಳೋ ನಮಗೆ ಇದೇನೂ ಹೊಸದಲ್ಲ. ಕಷ್ಟ ಏನಂದರೆ ಅಲೆ ಪದದಲ್ಲಿ ನಾಲ್ಕೂ ರೂಪದ ಸದ್ದು ಒಂದೇ. ಬರೆಯುವಾಗ ಮಾತ್ರ ಬಾಲ ಕಾಣುತ್ತೆ. ಸತ್ತವರ ವಿಷಯದಲ್ಲಿ ಕೇಳಿಸುತ್ತೆ: ಗಂಡಸಿಗೆ ಮೊರ್, ಹೆಂಗಸಿಗೆ ಮೊರ್ತ್. 'ಮ, ತ, ಸ' ವಾಕ್ಯಗಳಲ್ಲಿ ಸಣ್ಣ ತಿರುವಿದೆ. ಅವಳು ಮೈ ತೊಳೆದುಕೊಂಡಳು ಅಂದರೆ ಬಾಲ ಬರುತ್ತೆ, ಕೈ ತೊಳೆದುಕೊಂಡಳು ಅಂದರೆ ಬರಲ್ಲ. ತೊಳೆದದ್ದು ಕೈಯನ್ನು, ಮತ್ತೆ ಆ ಕೈ ವಾಕ್ಯದಲ್ಲಿ ಆಮೇಲೆ ಬಂದಿದೆ.

ಅವ್ವಾರ್ ಆರಿಸಿದರೆ ಬಾಲವಿಲ್ಲ. ಒಂದೇ ಸಂದರ್ಭ ಬಿಟ್ಟು: ನೇರ ವಸ್ತು ಕ್ರಿಯಾಪದಕ್ಕಿಂತ ಮೊದಲೇ ಬಂದಾಗ. 'ನಾನು ತಿಂದ ಸೇಬು' ಅನ್ನೋವಾಗ ಫ್ರೆಂಚಿನಲ್ಲಿ ಸೇಬು ಮುಂದೆ ಬರುತ್ತೆ, ಅದು ಸ್ತ್ರೀಲಿಂಗ, ಹಾಗಾಗಿ ಬಾಲ ಹಾಕಬೇಕು. ಈ ನಿಯಮಕ್ಕೆ 16ನೇ ಶತಮಾನದ ಕವಿ ಕ್ಲೆಮಾಂ ಮಾರೊ ಹೆಸರು ಅಂಟಿಕೊಂಡಿದೆ. ಇಟಾಲಿಯನ್ ನೋಡಿ ತಂದದ್ದು. 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಮೇಷ್ಟ್ರುಗಳು ಇದನ್ನು ಕೈಬಿಡಿ ಅಂತ ಬಹಿರಂಗವಾಗಿ ಕೇಳಿದರು. ದೊಡ್ಡ ಗಲಾಟೆ ಆಯಿತು. ನನ್ನ ಓಟು ಅವರಿಗೇ. ಆದರೂ ಪರೀಕ್ಷೆಗೆ ಕೂರೋವರು ಬಾಲ ಹಾಕಲೇಬೇಕು.

'ಇಲ್ಲ' ಹೇಳೋದು ಎರಡಕ್ಕೂ ಒಂದೇ ಥರ. 'ನ' ಮತ್ತು 'ಪಾ' ಸೇರಿ ಸಹಾಯಕ ಪದವನ್ನು ಮಾತ್ರ ತಬ್ಬುತ್ತವೆ. ಝ ನೆ ಪಾ ಮಾಂಝೆ, ತಿಂದಿಲ್ಲ. ಝ ನ ಸ್ವಿ ಪಾ ಅಲೆ, ಹೋಗಿಲ್ಲ.

ಕ್ವಿಬೆಕ್‌ನ ಮಾಂಟ್ರಿಯಲ್‌ನಲ್ಲಿ ಇರೋ ಒಬ್ಬ ಕನ್ನಡಿಗನ ಒಂದು ದಿನಕ್ಕೆ ಈಗ ಸಹಾಯಕ ಪದ ಆರಿಸುತ್ತಾ ಹೋಗೋಣ. ಫ್ರೆಂಚ್ ವಾಕ್ಯಗಳು ಅವನೇ ಹೇಳಿದ ಹಾಗೆ. ಏಳಕ್ಕೆ ಎದ್ದ. 'ಕೊಳ್ಳು' ಇಲ್ಲ, ಆದರೆ ಫ್ರೆಂಚಿನಲ್ಲಿ 'ಮ' ಇದೆ: ಝ ಮ ಸ್ವಿ ಲವೆ. ಒಗೆಯೋ ಬಟ್ಟೆಯನ್ನು ನೆಲಮಾಳಿಗೆಗೆ ಇಳಿಸಿದ. 'ಇಸು' ಇದೆ: ಝೆ ದೆಸಾಂದ್ಯು ಲ ಲೆಂಝ್. ಕಸದ ಡಬ್ಬ ಹೊರಗಿಟ್ಟ. 'ಇಸು' ಇಲ್ಲ, 'ಏನನ್ನು' ಅಂದರೆ ಡಬ್ಬವನ್ನು: ಝೆ ಸೊರ್ತಿ ಲಾ ಪುಬೆಲ್. ಮನೆ ಬಿಟ್ಟ. ಇಲ್ಲಿ ಎರಡು ಆಯ್ಕೆ. ಬರೀ 'ಹೊರಟೆ' ಅಂದರೆ ಝ ಸ್ವಿ ಪಾರ್ತಿ. 'ಮನೆಯನ್ನು ಬಿಟ್ಟೆ' ಅಂದರೆ ಝೆ ಕಿತೆ ಲಾ ಮೆಜ಼ೋಂ. ಕಾಲು ಕಿತ್ತೆ ಅಂತೀವಲ್ಲ, ಹಾಗೆ ನೆನಪಿಟ್ಟುಕೊಳ್ಳಿ. ಮೆಟ್ರೋ ಹತ್ತಿದ, 'ದಾಂ' ಅಡ್ಡ ಬಂತು: ಝ ಸ್ವಿ ಮೋಂತೆ ದಾಂ ಲ ಮೆತ್ರೊ. ಇಳಿದು ಆಫೀಸಿನವರೆಗೆ ಹಿಮದಲ್ಲಿ ನಡೆದ, ಮನೆಯ ಚಿತ್ರದಲ್ಲಿ ಇಲ್ಲದ ಪದ: ಝೆ ಮಾರ್ಶೆ. ದಾರಿಯಲ್ಲಿ ಜಾರಿ ಬಿದ್ದ: ಝ ಸ್ವಿ ತೋಂಬೆ. ಪಕ್ಕದ ಮನೆಯಾತ ಎತ್ತಿ ನಿಲ್ಲಿಸಿ, ತಾನೂ ಹೋದ ವಾರ ಇಲ್ಲೇ ಬಿದ್ದೆ ಅಂತ ಹೇಳುತ್ತಾನೆ: "ಮ್ವಾ ಓಸಿ, ಝೆ ತೋಂಬೆ!"